ಚಾಲಕದಂಡದ ಬಲಾಬಲ

ಬಾಗಲಕೋಟೆ ಜಿಲ್ಲೆಯ ಬೀಳಗಿ ತಾಲ್ಲೂಕಿನಲ್ಲಿ, ಕೃಷ್ಣಾ ನದಿಯ ದಂಡೆಯ ಮೇಲೆ ಗಲಗಲಿ ಎಂಬ ಊರಿದೆ. ಹರಿದಾಸ ಸಾಹಿತ್ಯವನ್ನು ಬಲ್ಲವರಿಗೆ ಅದು ಗಲಗಲಿ ಅವ್ವನ ಊರೆಂದು ಪರಿಚಿತವಾಗಿದೆ. ಇಂದು ಅಲ್ಲಿಗೆ ಹೋದವರ ಕಣ್ಣಿಗೆ ಮೊದಲು ಬೀಳುವುದು ಕಬ್ಬಿನ ಬೆಳೆ ಮತ್ತು ಆ ಬೆಳೆಯ ನಡುವೆ ದುಡಿಯುವ ಟ್ರ್ಯಾಕ್ಟರುಗಳು. ಕಳೆದ ವರ್ಷ ಕಬ್ಬಿನ ಕಟಾವು ಮುಗಿದ ಕಾಲದಲ್ಲಿ ನಾವು ಅಲ್ಲಿಗೆ ಹೋಗಿದ್ದಾಗ, ಒಂದೇ ದಿನದಲ್ಲಿ ಕೆಟ್ಟುಹೋದ ಎರಡು ಚಾಲಕದಂಡಗಳನ್ನು ನೋಡುವ ಪ್ರಸಂಗ ಒದಗಿತು. ಒಂದು, ಟ್ರ್ಯಾಕ್ಟರಿನಿಂದ ರೋಟಾವೇಟರಿಗೆ ಶಕ್ತಿಯನ್ನು ಒಯ್ಯುವ ಉಕ್ಕಿನ ದಂಡ. ಅದರ ಕೊಳವೆಯು ಒದ್ದೆ ಬಟ್ಟೆಯನ್ನು ಹಿಂಡಿದಂತೆ ತಿರುಚಿಕೊಂಡಿದ್ದಿತು. ಇನ್ನೊಂದು, ಆ ಮನೆಯ ಹುಡುಗನು ಬಂಡೆಗಲ್ಲುಗಳ ಮೇಲೆ ಹತ್ತಿಸುತ್ತಿದ್ದ ರೇಡಿಯೋ ನಿಯಂತ್ರಿತ ಆಟದ ವಾಹನದ ದಂಡ. ಪೆನ್ಸಿಲಿಗಿಂತಲೂ ಸಣ್ಣದು, ಪ್ಲಾಸ್ಟಿಕ್ಕಿನದು. ತಂದೆ ಮಕ್ಕಳಿಬ್ಬರೂ ನಮ್ಮನ್ನು ಕೇಳಿದ ಪ್ರಶ್ನೆ ಒಂದೇ: ಇದನ್ನು ಗಟ್ಟಿ ಮಾಡುವುದು ಹೇಗೆ? ಕಾಲೇಜಿನಲ್ಲಿ ಭೌತಶಾಸ್ತ್ರವನ್ನು ಓದುತ್ತಿರುವವರು ಈ ಪ್ರಶ್ನೆಗೆ ತಾವೇ ಉತ್ತರವನ್ನು ಕಂಡುಕೊಳ್ಳಬಲ್ಲರು. ಆ ದಾರಿಯಲ್ಲಿ ಅವರೊಡನೆ ಕೆಲವು ಹೆಜ್ಜೆ ನಡೆಯುವುದು ನಮ್ಮ ಉದ್ದೇಶ.

ಮೊದಲು ಒಂದು ಸೀಮೆಸುಣ್ಣದ ಕಡ್ಡಿಯನ್ನು ಕೈಗೆ ತೆಗೆದುಕೊಳ್ಳೋಣ. ಅದರ ಎರಡು ತುದಿಗಳನ್ನು ಹಿಡಿದು, ಬಾಗಿಸದೆ, ಒಂದನ್ನೊಂದಕ್ಕೆ ವಿರುದ್ಧವಾಗಿ ತಿರುಚಿದರೆ ಕಡ್ಡಿಯು ಮುರಿಯುತ್ತದೆ. ಆದರೆ ನೇರವಾಗಿ ಅಡ್ಡಲಾಗಿ ಅಲ್ಲ. ಮುರಿದ ಮೈಯು ದಂಡದ ಉದ್ದಕ್ಕೆ ಸುಮಾರು 45 ಡಿಗ್ರಿ ಓರೆಯಾಗಿ, ತಿರುಪಿನ ಮೊಳೆಯ ಸುತ್ತಿನಂತೆ ಸುತ್ತಿಕೊಂಡಿರುತ್ತದೆ. ತಿರುಚುವಾಗ ದಂಡದ ಒಂದೊಂದು ತೆಳುಪದರವೂ ಪಕ್ಕದ ಪದರದ ಮೇಲೆ ಜಾರಲು ಹವಣಿಸುತ್ತದೆ. ಇದರಿಂದ ಹುಟ್ಟುವ ಪ್ರತಿರೋಧವನ್ನು ಜಾರು ಪೀಡನ ಎನ್ನುತ್ತೇವೆ. ಈ ಜಾರು ಪೀಡನವೇ 45 ಡಿಗ್ರಿ ಓರೆಯ ದಿಕ್ಕಿನಲ್ಲಿ ಎಳೆತವಾಗಿ ತೋರುತ್ತದೆ. ಸೀಮೆಸುಣ್ಣವು ಎಳೆತವನ್ನು ತಾಳದ ವಸ್ತುವಾದುದರಿಂದ ಆ ಓರೆಯಲ್ಲಿ ಒಡೆಯುತ್ತದೆ. ಮೃದುವಾದ ಉಕ್ಕು ಜಾರುವಿಕೆಗೆ ಮೊದಲು ಸೋಲುವುದರಿಂದ ಅಡ್ಡಲಾಗಿ ಸಮತಟ್ಟಾಗಿ ತುಂಡಾಗುತ್ತದೆ. ಮುರಿದ ದಂಡವನ್ನು ಎಸೆಯುವ ಮುನ್ನ ಅದರ ಮುರಿದ ಮೈಯನ್ನು ನೋಡುವ ಅಭ್ಯಾಸವನ್ನು ನಮ್ಮ ವಾಚಕರು ಬೆಳೆಸಿಕೊಂಡರೆ, ಮುರಿಯಲು ಕಾರಣವೇನೆಂಬುದು ಅರ್ಧದಷ್ಟು ಅಲ್ಲಿಯೇ ತಿಳಿಯುತ್ತದೆ.

ಈ ಪೀಡನವು ದಂಡದ ಎಲ್ಲ ಭಾಗಗಳಲ್ಲೂ ಒಂದೇ ಸಮನಾಗಿರುವುದಿಲ್ಲ. ನಟ್ಟನಡುವಿನ ಅಕ್ಷರೇಖೆಯಲ್ಲಿ ಅದು ಸೊನ್ನೆ. ಹೊರಮೈಗೆ ಬಂದಂತೆ ಏರುತ್ತ ಹೋಗಿ ಅಂಚಿನಲ್ಲಿ ಗರಿಷ್ಠವಾಗುತ್ತದೆ. ಗಟ್ಟಿದಂಡಕ್ಕೆ ಲೆಕ್ಕ ಮಾಡಿದಾಗ, ತಿರುಚುವ ಭ್ರಾಮಕವನ್ನು 16ರಿಂದ ಗುಣಿಸಿ, ಪೈ ಮತ್ತು ವ್ಯಾಸದ ಘನ ಇವುಗಳ ಗುಣಲಬ್ಧದಿಂದ ಭಾಗಿಸಿದರೆ ಹೊರಮೈಯ ಪೀಡನವು ದೊರೆಯುತ್ತದೆ. ಭ್ರಾಮಕವೆಂದು ನಾವು ಕರೆಯುವುದನ್ನೇ ಮೆಕ್ಯಾನಿಕರು ಟಾರ್ಕ್ ಎನ್ನುತ್ತಾರೆ. ವ್ಯಾಸದ ಘನವೆಂಬ ಮಾತನ್ನು ಇಲ್ಲಿ ಮರೆಯಬಾರದು. 5 ಮಿಲಿಮೀಟರ್ ದಂಡದ ಬದಲು 6 ಮಿಲಿಮೀಟರ್ ದಂಡವನ್ನು ಹಾಕಿದರೆ, ದಪ್ಪವು ಐದನೆಯ ಒಂದು ಪಾಲು ಮಾತ್ರ ಹೆಚ್ಚಿದರೂ ಬಲವು 1.73 ಪಟ್ಟಾಗುತ್ತದೆ.

ಟ್ರ್ಯಾಕ್ಟರಿನ ದಂಡಕ್ಕೆ ಈ ಸೂತ್ರವನ್ನು ಹಚ್ಚಿ ನೋಡೋಣ. ಟ್ರ್ಯಾಕ್ಟರಿನ ಹಿಂಬದಿಯಲ್ಲಿ ಹೊರಚಾಚಿರುವ ಪಿ.ಟಿ.ಓ. ಎಂಬ ಹಲ್ಲುಳ್ಳ ತುದಿಯು ಸಾಮಾನ್ಯವಾಗಿ ನಿಮಿಷಕ್ಕೆ 540 ಸುತ್ತು ತಿರುಗುವಂತೆ ರಚಿತವಾಗಿರುತ್ತದೆ. ಅದರ ಹೊರವ್ಯಾಸ ಸುಮಾರು 35 ಮಿಲಿಮೀಟರ್. ಅದರ ಮೂಲಕ 40 ಅಶ್ವಶಕ್ತಿ ಹರಿಯುತ್ತಿದೆಯೆಂದು ಭಾವಿಸೋಣ. ಒಂದು ಅಶ್ವಶಕ್ತಿಗೆ 746 ವ್ಯಾಟಿನಂತೆ ಒಟ್ಟು 29,840 ವ್ಯಾಟ್. 540 ಸುತ್ತೆಂದರೆ ಸೆಕೆಂಡಿಗೆ 56.5 ರೇಡಿಯನ್. ಶಕ್ತಿಯನ್ನು ಕೋನವೇಗದಿಂದ ಭಾಗಿಸಿದರೆ ಭ್ರಾಮಕವು ಸುಮಾರು 528 ನ್ಯೂಟನ್-ಮೀಟರ್ ಆಗುತ್ತದೆ. ಹಲ್ಲುಗಳ ಬುಡದಲ್ಲಿ ದಂಡದ ವ್ಯಾಸವು 30 ಮಿಲಿಮೀಟರ್ ಉಳಿದಿದೆಯೆಂದು ಹಿಡಿದರೆ, ಹೊರಮೈಯ ಪೀಡನವು ಪ್ರತಿ ಚದರ ಮಿಲಿಮೀಟರಿಗೆ 100 ನ್ಯೂಟನ್. ಒಳ್ಳೆಯ ಉಕ್ಕು ಇದರ ಇಮ್ಮಡಿಯನ್ನು ತಾಳುತ್ತದೆ. ಇಂತಹ ದಂಡವು ಒಂದು ಮೀಟರ್ ಉದ್ದವಿದ್ದರೆ, ಈ ಹೊರೆಯಲ್ಲಿ ಅದರ ಒಂದು ತುದಿಯು ಇನ್ನೊಂದಕ್ಕಿಂತ ಸುಮಾರು 5 ಡಿಗ್ರಿ ಹಿಂದೆ ಬೀಳುತ್ತದೆ. ಹೊರೆ ತೆಗೆದೊಡನೆ ಮತ್ತೆ ನೆಟ್ಟಗಾಗುತ್ತದೆ. ಉಕ್ಕಿನ ದಂಡವೂ ಒಂದು ಸ್ಪ್ರಿಂಗ್ ಎಂಬುದನ್ನು ವಿದ್ಯಾರ್ಥಿಗಳು ಬೇಗನೆ ನಂಬುವುದಿಲ್ಲ.

ಹಾಗಾದರೆ ನಮ್ಮ ರೈತನ ದಂಡವು ತಿರುಚಿಕೊಂಡುದೇಕೆ? ಮೇಲಿನ ಲೆಕ್ಕವು ಮಣ್ಣು ಒಂದೇ ಸಮನಾಗಿ ಸಿಕ್ಕಾಗ ಮಾತ್ರ ಸರಿ. ರೋಟಾವೇಟರಿನ ಅಲಗಿಗೆ ನೆಲದೊಳಗಿನ ಕಲ್ಲೊಂದು ತಾಗಿ ಅಲಗು ನಿಂತುಬಿಟ್ಟರೆ, ಎಂಜಿನ್ನಿನ ಭಾರವಾದ ಗತಿಚಕ್ರದಲ್ಲಿ ಅಡಗಿದ್ದ ಚಲನಶಕ್ತಿಯೆಲ್ಲ ಕ್ಷಣಾರ್ಧದಲ್ಲಿ ದಂಡದ ಮೇಲೆ ಬೀಳುತ್ತದೆ. ಆಗಿನ ಭ್ರಾಮಕವು ಅಶ್ವಶಕ್ತಿಯ ಲೆಕ್ಕಕ್ಕೆ ಸಿಕ್ಕುವುದಿಲ್ಲ. ಅದು ಹಲವು ಪಟ್ಟಾಗಬಹುದು.

ಇನ್ನು ಆಟದ ವಾಹನದ ಕಡೆಗೆ ಬರೋಣ. ಬಂಡೆ ಹತ್ತುವ ಈ ಬಗೆಯ ವಾಹನಗಳು ಸಾಮಾನ್ಯವಾಗಿ ನಿಜ ವಾಹನದ ಹತ್ತನೆಯ ಒಂದರ ಅಳತೆಯವು. ವೇಗವು ಅವುಗಳ ಗುರಿಯಲ್ಲ. ಗೇರುಗಳಿಂದ ಮೋಟಾರಿನ ಸುತ್ತನ್ನು ಬಹಳ ಇಳಿಸಿ, ನಾಲ್ಕು ಗಾಲಿಗಳಿಗೂ ಶಕ್ತಿಯನ್ನು ಕೊಟ್ಟು, ಆಮೆಯಂತೆ ಹತ್ತುವುದೇ ಅವುಗಳ ಸೊಗಸು. ಹುಡುಗನ ವಾಹನದ ತೂಕ ಸುಮಾರು 2.5 ಕಿಲೋಗ್ರಾಂ, ಗಾಲಿಯ ತ್ರಿಜ್ಯ 6 ಸೆಂಟಿಮೀಟರ್. ಕಡಿದಾದ ಬಂಡೆಯಲ್ಲಿ ತೂಕವೆಲ್ಲ ಹಿಂದಿನ ಗಾಲಿಗಳ ಮೇಲೆಯೇ ಬಿದ್ದಿತೆಂದೂ, ರಬ್ಬರಿನ ಘರ್ಷಣಾಂಕ ಒಂದೆಂದೂ ಹಿಡಿಯೋಣ. ಆಗ ಗಾಲಿಯು ಜಾರುವ ಮುನ್ನ ಅಚ್ಚಿನ ಮೇಲೆ ಬರಬಲ್ಲ ಭ್ರಾಮಕ 1.47 ನ್ಯೂಟನ್-ಮೀಟರ್. ಅಚ್ಚಿನ ಗೇರು ಮೂರಕ್ಕೊಂದರಂತೆ ಇಳಿಸುವುದಾದರೆ ಚಾಲಕದಂಡದ ಪಾಲಿಗೆ ಬರುವುದು 0.5 ನ್ಯೂಟನ್-ಮೀಟರ್ ಮಾತ್ರ. 5 ಮಿಲಿಮೀಟರ್ ಗಟ್ಟಿದಂಡದಲ್ಲಿ ಇದರಿಂದಾಗುವ ಪೀಡನ ಚದರ ಮಿಲಿಮೀಟರಿಗೆ 20 ನ್ಯೂಟನ್. ನೈಲಾನಿನಂತಹ ಪ್ಲಾಸ್ಟಿಕ್ಕೂ ಇದನ್ನು ತಾಳೀತು. ಆದರೆ ಗಾಲಿಯು ಎರಡು ಕಲ್ಲುಗಳ ಸಂದಿನಲ್ಲಿ ಸಿಕ್ಕಿಕೊಂಡರೆ ಜಾರುವ ಅವಕಾಶವೇ ಇಲ್ಲ. ಆಗ ಮಿತಿಯನ್ನು ಕಟ್ಟುವುದು ವಾಹನದ ತೂಕವಲ್ಲ, ನಿಂತುಹೋದ ಮೋಟಾರಿನ ಬಲ. ಅದು ಸುಮಾರು 0.15 ನ್ಯೂಟನ್-ಮೀಟರ್, ಗೇರುಪೆಟ್ಟಿಗೆಯು ಹದಿಮೂರು ಪಟ್ಟು ಮಾಡಿ, ಘರ್ಷಣೆಗೆ ಕಾಲು ಭಾಗ ಹೋದರೂ, ದಂಡಕ್ಕೆ 1.5 ನ್ಯೂಟನ್-ಮೀಟರ್ ತಲಪುತ್ತದೆ. ಪೀಡನವು ಮೂರು ಪಟ್ಟಾಯಿತು, ಪ್ಲಾಸ್ಟಿಕ್ಕು ಸೋತಿತು. ದೊಡ್ಡ ಯಂತ್ರದಲ್ಲಿ ಕಲ್ಲು ಮಾಡಿದುದನ್ನೇ ಸಣ್ಣ ಯಂತ್ರದಲ್ಲಿಯೂ ಕಲ್ಲು ಮಾಡಿತು.

ಹುಡುಗನು ನಮ್ಮ ಬಳಿಗೆ ಬರುವ ಮುನ್ನವೇ ಒಂದು ಚಿಕಿತ್ಸೆಯನ್ನು ಮಾಡಿ ನೋಡಿದ್ದನು: ದಂಡಕ್ಕೆ ಅಡ್ಡಲಾಗಿ ತೂತು ಕೊರೆದು ಒಂದು ಸ್ಕ್ರೂ ತೂರಿಸಿದ್ದನು. ದಂಡವು ಮುಂದಿನ ಸಲ ಆ ತೂತಿನಲ್ಲಿಯೇ ಮುರಿಯಿತು. ಇದು ಅನಿರೀಕ್ಷಿತವಲ್ಲ. ತಿರುಚಿದ ದಂಡದ ಮೈಯಲ್ಲಿ ಚಿಕ್ಕದೊಂದು ರಂಧ್ರವಿದ್ದರೆ, ಅದರ ಅಂಚಿನಲ್ಲಿ ಎಳೆತವು ಸುತ್ತಲಿನ ಜಾರು ಪೀಡನದ ನಾಲ್ಕು ಪಟ್ಟಾಗುತ್ತದೆಂದು ಗಣಿತವು ತೋರಿಸುತ್ತದೆ. ತೂತು, ಕಚ್ಚು, ವೆಲ್ಡಿಂಗಿನ ಒರಟು ಅಂಚು, ಹಲ್ಲಿನ ಬುಡದ ಚೂಪು ಮೂಲೆ ಇವೆಲ್ಲ ಒಂದೇ ಕುಲಕ್ಕೆ ಸೇರಿದವು. 1842ರಲ್ಲಿ ಫ್ರಾನ್ಸಿನ ವೆರ್ಸೈಲ್ಸ್ ಬಳಿ ಎಂಜಿನ್ನೊಂದರ ಅಚ್ಚು ಮುರಿದು ಘೋರವಾದ ರೈಲು ದುರಂತ ಸಂಭವಿಸಿತು. ಮುಂದೆ ಜರ್ಮನಿಯ ಆಗಸ್ಟ್ ವೋಲರ್ ರೈಲಿನ ಅಚ್ಚುಗಳನ್ನು ವರ್ಷಗಟ್ಟಲೆ ಪರೀಕ್ಷಿಸಿ, ಒಂದು ಸಲ ಸುಲಭವಾಗಿ ತಾಳುವ ಹೊರೆಯೇ ಲಕ್ಷಾಂತರ ಸಲ ಮರುಕಳಿಸಿದರೆ ಉಕ್ಕನ್ನು ದಣಿಸಿ ಮುರಿಯುತ್ತದೆಂದು ತೋರಿಸಿಕೊಟ್ಟನು. ಆ ದಣಿವಿನ ಬಿರುಕು ಹುಟ್ಟುವುದು ಇಂತಹ ಮೂಲೆಗಳಲ್ಲಿಯೇ.

ದಂಡವನ್ನು ಬಲಪಡಿಸಬೇಕೆಂದು ಭಾರವನ್ನು ಏರಿಸುತ್ತ ಹೋಗಬೇಕಾಗಿಲ್ಲ. ನಡುವಿನ ಭಾಗವು ಹೆಚ್ಚು ಕೆಲಸ ಮಾಡುವುದಿಲ್ಲವೆಂದು ಆಗಲೇ ಕಂಡೆವಷ್ಟೆ. ಹೊರವ್ಯಾಸದ ಅರ್ಧದಷ್ಟು ಅಗಲದ ತಿರುಳನ್ನು ಕೊರೆದು ತೆಗೆದರೆ ದಂಡದ ತೂಕವು ಕಾಲು ಭಾಗ ಇಳಿಯುತ್ತದೆ, ಬಲವಾದರೋ ಹದಿನಾರನೆಯ ಒಂದು ಪಾಲು ಮಾತ್ರ ಇಳಿಯುತ್ತದೆ. ಲಾರಿಯ ಉದ್ದನೆಯ ಚಾಲಕದಂಡವು ಟೊಳ್ಳಾಗಿರುವುದು ಜಿಪುಣತನದಿಂದಲ್ಲ. ಬಿದಿರೂ ತನ್ನ ವಸ್ತುವನ್ನು ಹೊರಮೈಯಲ್ಲಿಯೇ ಇಟ್ಟುಕೊಂಡಿದೆ, ಅದು ಗಾಳಿಗೆ ಬಾಗಬೇಕಾದ ಕಾರಣದಿಂದ.

ದಂಡದ ತುದಿಗಳಲ್ಲಿರುವ ಕೀಲನ್ನು ನಮ್ಮ ಕಡೆಯ ಗ್ಯಾರೇಜುಗಳಲ್ಲಿ ಕ್ರಾಸ್ ಎನ್ನುತ್ತಾರೆ. ಹದಿನಾರನೆಯ ಶತಮಾನದ ಇಟಲಿಯ ಕಾರ್ಡಾನೋ ಎಂಬ ಪಂಡಿತನ ಹೆಸರೂ, 1676ರಲ್ಲಿ ಇದನ್ನು ವಿವರಿಸಿದ ಇಂಗ್ಲೆಂಡಿನ ರಾಬರ್ಟ್ ಹುಕ್‌ನ ಹೆಸರೂ ಇದಕ್ಕೆ ಅಂಟಿಕೊಂಡಿವೆ. ಸ್ಪ್ರಿಂಗಿನ ನಿಯಮವನ್ನು ಕೊಟ್ಟ ಹುಕ್ ಇವನೇ. ಈ ಕೀಲಿನಲ್ಲಿ ಒಂದು ವಿಚಿತ್ರ ಗುಣವಿದೆ. ಎರಡು ದಂಡಗಳು ಓರೆಯಾಗಿ ಕೂಡಿದಾಗ ಮೊದಲನೆಯದು ಒಂದೇ ವೇಗದಲ್ಲಿ ತಿರುಗಿದರೂ ಎರಡನೆಯದು ಪ್ರತಿ ಸುತ್ತಿನಲ್ಲಿ ಎರಡು ಸಲ ಓಡುತ್ತದೆ, ಎರಡು ಸಲ ತಡೆಯುತ್ತದೆ. ಓರೆಯು 30 ಡಿಗ್ರಿಯಾದರೆ, 540 ಸುತ್ತಿನ ವೇಗವು ಇನ್ನೊಂದು ಕಡೆಯಲ್ಲಿ 468 ಮತ್ತು 624ರ ನಡುವೆ ತೂಗಾಡುತ್ತದೆ. ಈ ತೂಗಾಟವನ್ನು ಅಳಿಸಲೆಂದೇ ದಂಡದ ಇನ್ನೊಂದು ತುದಿಯಲ್ಲಿ ಎರಡನೆಯ ಕೀಲನ್ನು ಇಡುತ್ತಾರೆ. ಎರಡೂ ಕಡೆಯ ಓರೆಯು ಸಮನಾಗಿದ್ದು, ನಡುದಂಡದ ಎರಡು ಕವಲುಗಳೂ ಒಂದೇ ಸಮತಲದಲ್ಲಿದ್ದರೆ, ಒಂದರ ದೋಷವನ್ನು ಇನ್ನೊಂದು ಸರಿಪಡಿಸುತ್ತದೆ. ಗ್ರೀಸ್ ಹಚ್ಚಲೆಂದು ದಂಡವನ್ನು ಬಿಚ್ಚಿ, ಮತ್ತೆ ಜೋಡಿಸುವಾಗ ಒಂದು ಕವಲನ್ನು ಕಾಲು ಸುತ್ತು ತಿರುಗಿಸಿ ಹಾಕಿದರೆ ದೋಷಗಳೆರಡೂ ಗುಣಿಸಿಕೊಳ್ಳುತ್ತವೆ. ಆಗ ವೇಗದ ತೂಗಾಟವು 405ರಿಂದ 720ರವರೆಗೆ! ಆ ನಡುಕದಲ್ಲಿ ಎಂತಹ ಉಕ್ಕಾದರೂ ದಣಿಯುತ್ತದೆ. ಹುಡುಗನ ವಾಹನದಲ್ಲಿ ನಾವು ಕಂಡ ಮೊದಲ ತಪ್ಪು ಇದೇ. ಅದನ್ನು ಸರಿಪಡಿಸಲು ಒಂದು ಪೈಸೆಯೂ ಖರ್ಚಾಗಲಿಲ್ಲ. ಹೆಚ್ಚು ಎತ್ತರ ಕಾಣಲೆಂದು ಅವನು ವಾಹನದ ಒಡಲನ್ನು ಮೇಲೆತ್ತಿ ದಂಡದ ಓರೆಯನ್ನು ಹೆಚ್ಚಿಸಿದ್ದುದು ಎರಡನೆಯ ತಪ್ಪು. ಒಡಲು ಎದ್ದಾಗ ಒಂದರೊಳಗೊಂದು ಜಾರುವ ದಂಡದ ಭಾಗಗಳೂ ಹೊರಕ್ಕೆ ಸರಿದು, ತುದಿಯ ಬೆರಳಗಲ ಮಾತ್ರ ಹಿಡಿದುಕೊಂಡಿದ್ದವು. ಹೊರೆಯೆಲ್ಲ ಆ ಬೆರಳಗಲದ ಮೇಲೆ.

ಈಗ ತಂದೆಯ ಯಂತ್ರಕ್ಕೆ ಮರಳೋಣ. ಅನೇಕ ರೋಟಾವೇಟರುಗಳ ದಂಡದಲ್ಲಿ ಶೇರ್ ಬೋಲ್ಟ್ ಎಂಬ ಒಂದು ಬೋಲ್ಟ್ ಇರುತ್ತದೆ. ಕಲ್ಲು ತಾಗಿದಾಗ ಮೊದಲು ತುಂಡಾಗಿ ಮಿಕ್ಕುದನ್ನು ಉಳಿಸಲೆಂದೇ ಅದನ್ನು ಮೃದುವಾದ ಉಕ್ಕಿನಿಂದ ಮಾಡಿರುತ್ತಾರೆ. ಮನೆಯ ವಿದ್ಯುತ್ತಿನ ಫ್ಯೂಸ್ ಇದ್ದಂತೆ. “ಅದು ಪದೇ ಪದೇ ಕಟ್ ಆಗತಿತ್ರೀ ಸರ, ಅದಕ್ಕ ಗಟ್ಟೀದೊಂದು ಹಾಕಿಬಿಟ್ಟೀವಿ” ಎಂದು ರೈತರು ಹೇಳಿದರು. ಬೋಲ್ಟ್ ಉಳಿಯಿತು. ಕೊಳವೆಯು ತಿರುಚಿತು, ಗೇರ್‌ಬಾಕ್ಸಿನ ಮೂರು ಹಲ್ಲು ಹಾರಿದವು. ಸರಪಣಿಯಲ್ಲಿ ಒಂದು ಕೊಂಡಿಯನ್ನು ಗಟ್ಟಿ ಮಾಡಿದರೆ ಮುರಿತವು ಮುಂದಿನ ಕೊಂಡಿಗೆ ಹೋಗುತ್ತದೆಯಲ್ಲದೆ ಇಲ್ಲದಾಗುವುದಿಲ್ಲ. ಅದು ಎಲ್ಲಿ ಸಂಭವಿಸಬೇಕೆಂಬುದನ್ನು ನಾವೇ ಗೊತ್ತುಮಾಡಬಹುದು.

ಹುಡುಗನ ವಾಹನಕ್ಕೆ ನಾವು ಈ ರೀತಿಯಲ್ಲಿಯೇ ಲೆಕ್ಕ ಮಾಡಿದೆವು. 5 ಮಿಲಿಮೀಟರ್ ಉಕ್ಕಿನ ದಂಡ; ಅದನ್ನು ಕೀಲಿನ ಗೂಡಿಗೆ ಸೇರಿಸಲು ಅಡ್ಡಲಾಗಿ 1 ಮಿಲಿಮೀಟರ್ ದಪ್ಪದ ಹಿತ್ತಾಳೆಯ ಸೂಜಿ. ತೂತನ್ನು ಈಗಷ್ಟೆ ಹಳಿದ ನಾವೇ ತೂತು ಕೊರೆಯಬಹುದೇ ಎಂದು ವಾಚಕರು ಕೇಳಿಯಾರು. ಉಕ್ಕಿನಲ್ಲಿ ಕೊರೆಯಬಹುದು, ಏಕೆಂದರೆ 1 ನ್ಯೂಟನ್-ಮೀಟರಿನಲ್ಲಿ ಅದರ ಪೀಡನ 40 ಮಾತ್ರ, ನಾಲ್ಕು ಪಟ್ಟಾದರೂ 160. ಒಳ್ಳೆಯ ಉಕ್ಕು ಅದಕ್ಕೆ ಬಗ್ಗುವುದಿಲ್ಲ. ಸೂಜಿಯು ದಂಡದ ಎರಡು ಬದಿಗಳಲ್ಲಿ ಕತ್ತರಿಸಬೇಕು. ಸಾಧಾರಣವಾಗಿ ಹತ್ತುವಾಗಿನ 0.5 ನ್ಯೂಟನ್-ಮೀಟರಿಗೆ ಒಂದೊಂದು ಬದಿಯಲ್ಲಿ 100 ನ್ಯೂಟನ್ ಬಲ ಬಿದ್ದು, ಚದರ ಮಿಲಿಮೀಟರಿಗೆ 127 ನ್ಯೂಟನ್ ಪೀಡನವಾಗುತ್ತದೆ. ಗಾಲಿ ಸಿಕ್ಕಿ ಮೋಟಾರು ನಿಂತಾಗ ಇದು 380ಕ್ಕೆ ಏರುತ್ತದೆ. ಹಿತ್ತಾಳೆಯು ಸುಮಾರು 200ರಿಂದ 250ರೊಳಗೆ ತುಂಡಾಗುವುದರಿಂದ, ಹತ್ತುವಾಗ ಉಳಿಯುತ್ತದೆ, ಸಿಕ್ಕಿದಾಗ ಹೋಗುತ್ತದೆ. ಎರಡನೆಯ ವಾರದಲ್ಲಿ ಸೂಜಿಯೊಂದು ತುಂಡಾಯಿತೆಂದೂ ಗೇರುಗಳೆಲ್ಲ ಕ್ಷೇಮವೆಂದೂ ಹುಡುಗನು ತಿಳಿಸಿದನು. ಹಿತ್ತಾಳೆಯ ತಂತಿಯನ್ನು ಅವನು ಒಂದು ಮೊಳ ಕೊಂಡಿಟ್ಟಿದ್ದಾನೆ.

ಗಲಗಲಿಯಲ್ಲಿ ನಾವು ಕಂಡ ಇನ್ನೊಂದು ಸಂಗತಿಯು ಬಾಕಿಯಿದೆ. ಟ್ರ್ಯಾಕ್ಟರಿನ ದಂಡದ ಮೇಲೆ ಇರಬೇಕಾದ ಪ್ಲಾಸ್ಟಿಕ್ಕಿನ ಹೊದಿಕೆಯು ಬೇವಿನ ಮರಕ್ಕೆ ತೂಗುಬಿದ್ದಿದ್ದಿತು. ಗ್ರೀಸ್ ಹಾಕಲು ಅಡ್ಡವೆಂದು ಅದನ್ನು ಬಿಚ್ಚಿದ್ದರು. ದಂಡದ ಕೊಳವೆಯ ವ್ಯಾಸ 65 ಮಿಲಿಮೀಟರ್ ಎಂದರೆ ಸುತ್ತಳತೆ ಸುಮಾರು 20 ಸೆಂಟಿಮೀಟರ್. ನಿಮಿಷಕ್ಕೆ 540 ಸುತ್ತೆಂದರೆ ಸೆಕೆಂಡಿಗೆ 9. ಧೋತರದ ಚುಂಗೋ ಸೀರೆಯ ಸೆರಗೋ ಕ್ರಾಸಿನ ಮೂಲೆಗೆ ತಗುಲಿದರೆ, ಒಂದು ಸೆಕೆಂಡಿನಲ್ಲಿ 1.8 ಮೀಟರ್ ಬಟ್ಟೆಯು ಸುತ್ತಿಕೊಳ್ಳುತ್ತದೆ. ಗಾಬರಿಗೊಂಡ ಮನುಷ್ಯನು ಕೂಗಿ, ಚಾಲಕನು ಕೇಳಿ, ಕ್ಲಚ್ಚನ್ನು ತುಳಿಯಲು ಎರಡು ಸೆಕೆಂಡಾದರೂ ಬೇಕು. ದಂಡಕ್ಕೆ ಆಗ 500 ನ್ಯೂಟನ್-ಮೀಟರ್ ಬಲವಿದೆ. ಬಟ್ಟೆಯೊಳಗೆ ಇರುವುದು ಏನೆಂದು ಅದಕ್ಕೆ ತಿಳಿಯದು. ನಾವು ಈ ಲೆಕ್ಕವನ್ನು ಅಂಗಳದ ಮಣ್ಣಿನ ಮೇಲೆ ಕಡ್ಡಿಯಿಂದ ಬರೆದು ತೋರಿಸಿದೆವು. ರೈತರು ಸ್ವಲ್ಪ ಹೊತ್ತು ಸುಮ್ಮನೆ ನಿಂತರು. ಆಮೇಲೆ ಮಗನನ್ನು ಕರೆದು ಬೇವಿನ ಮರದಿಂದ ಹೊದಿಕೆಯನ್ನು ಇಳಿಸಿದರು. ಅದು ದಂಡದೊಡನೆ ತಿರುಗದಂತೆ ಹಿಡಿಯುವ ಎರಡು ಸಣ್ಣ ಸರಪಣಿಗಳಲ್ಲಿ ಒಂದು ಕಳೆದುಹೋಗಿದ್ದಿತು. ಎಮ್ಮೆಯ ಹಗ್ಗದ ಸರಪಣಿಯೊಂದನ್ನು ಬಿಚ್ಚಿ ತಂದು ಆ ಸಂಜೆಯೇ ಕಟ್ಟಿದರು.