ಸೆಟಲ್ ಆದ ಸಾಲ, ತೀರದ ಲೆಕ್ಕ

ಮೊಳಕಾಲ್ಮೂರಿನಲ್ಲಿ ನೇಕಾರರ ಸಾಲಕ್ಕೆ ಹಳೆಯ ದಾರಿಯೊಂದಿದೆ. ರೇಷ್ಮೆ, ಜರಿ ಕೊಡುವ ಮಾಲೀಕರ ಬಳಿಯೇ ಮುಂಗಡ ಪಡೆದು, ಸೀರೆ ನೇಯ್ದ ಹಾಗೆಲ್ಲ ಕೂಲಿಯಲ್ಲಿ ಮುರಿಸಿಕೊಳ್ಳುವುದು. ಚಳ್ಳಕೆರೆ ಕಡೆಯ ಶೇಂಗಾ ರೈತರಲ್ಲೂ ಎಷ್ಟೋ ಮಂದಿ ಬಿತ್ತನೆಗೆ ಅಂಗಡಿಯವರಲ್ಲಿ ಸಾಲ ತಂದು, ಕಾಯಿ ಬಂದಾಗ ಚುಕ್ತಾ ಮಾಡುತ್ತಾರೆ. ವರ್ಷಗಟ್ಟಲೆ ಹೀಗೆ ಮಾತಿಗೆ ತಪ್ಪದೆ ತೀರಿಸಿದವರ ನಿಯತ್ತು, ಸಾಲದ ಇತಿಹಾಸ ಹೇಳುವ ಸಿಬಿಲ್ ವರದಿಯಲ್ಲಿ ಒಂದು ಸಾಲೂ ಆಗುವುದಿಲ್ಲ. ಆದರೆ ಬ್ಯಾಂಕಿನ ಕಂತು ತಪ್ಪಿದರೆ ದಾಖಲಾಗುತ್ತದೆ. ಈ ಅನ್ಯಾಯ ನನ್ನನ್ನು ಇವತ್ತಿಗೂ ನೋಯಿಸುತ್ತದೆ.

ನಮ್ಮ ಮನೆಯ ಲೆಕ್ಕ ಕೆಟ್ಟದ್ದು 2020ರಲ್ಲಿ. ಮದುವೆ ಕಾಲಕ್ಕೆಂದು ಬ್ಯಾಂಕ್ ಸಾಲದಲ್ಲಿ ರೇಷ್ಮೆ ತಂದು ಮಗ್ಗಕ್ಕೇರಿಸಿದ್ದೆವು. ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂತು. ಮದುವೆಗಳು ನಿಂತವು, ಸೀರೆಗಳು ಮನೆಯಲ್ಲೇ ಉಳಿದವು. ಆಗಸ್ಟ್ ಕೊನೆಯವರೆಗೆ ಕಂತು ಮುಂದೂಡಲು ರಿಸರ್ವ್ ಬ್ಯಾಂಕ್ ಅವಕಾಶ ಕೊಟ್ಟಿತ್ತು, ಆದರೆ ಬಡ್ಡಿ ಬೆಳೆಯುತ್ತಲೇ ಇತ್ತು. ಆಮೇಲೂ ವ್ಯಾಪಾರ ಕುದುರಲಿಲ್ಲ. ಬಾಕಿ 90 ದಿನ ದಾಟಿ ಖಾತೆ ಎನ್‌ಪಿಎ, ಅಂದರೆ ಬ್ಯಾಂಕಿನ ಲೆಕ್ಕದಲ್ಲಿ ಕೆಟ್ಟ ಸಾಲ, ಆಯಿತು.

ಕೈಗೆ ಬಂದ ಅಷ್ಟಿಷ್ಟು ದುಡ್ಡು ಮೊದಲು ಹೋದದ್ದು ಹೆಂಗಸರ ಸ್ವಸಹಾಯ ಸಂಘದ ಕಂತಿಗೆ. ಸಂಘದಲ್ಲಿ ಒಬ್ಬರು ಕಟ್ಟದಿದ್ದರೆ ಉಳಿದ ಹೆಂಗಸರು ಕೈಯಿಂದ ಹಾಕಬೇಕು, ಬೆಳಗಾದರೆ ಅವರ ಮುಖವನ್ನೇ ನೋಡಬೇಕು. ಆಮೇಲೆ ಕೈಸಾಲ. ಬ್ಯಾಂಕು ಕೊನೆಗೆ. ಈ ಕ್ರಮವನ್ನು ತಪ್ಪೆಂದು ನಾನು ಯಾರಿಗೂ ಹೇಳಲಾರೆ.

ಕೊನೆಗೆ ಬ್ಯಾಂಕಿನವರೇ ಒನ್ ಟೈಮ್ ಸೆಟ್ಲ್‌ಮೆಂಟಿಗೆ ಕರೆದರು. ಬಾಕಿಯಲ್ಲಿ ಒಂದು ಪಾಲು ಬಿಟ್ಟರು, ಉಳಿದದ್ದನ್ನು ಕಟ್ಟಿದೆವು. ಮುಂದೆ ಚಳ್ಳಕೆರೆಯ ಬೇರೊಂದು ಶಾಖೆಗೆ ಸಾಲ ಕೇಳಲು ಹೋದಾಗ ಮ್ಯಾನೇಜರ್ ವರದಿಯನ್ನು ನನ್ನ ಕಡೆ ತಿರುಗಿಸಿದರು. "ಇಲ್ಲಿ ಸೆಟಲ್ಡ್ ಅಂತಿದೆಯಲ್ಲಮ್ಮ. ಕ್ಲೋಸ್ಡ್ ಅಂತ ಇರಬೇಕಿತ್ತು."

ಸೆಟಲ್ಡ್ ಎಂದರೆ ಸಾಲಗಾರ ಪೂರ್ತಿ ಕಟ್ಟಲಿಲ್ಲ, ಬ್ಯಾಂಕ್ ನಷ್ಟ ಹೊತ್ತಿತು ಎಂದು ಮುಂದಿನ ಬ್ಯಾಂಕು ಓದಿಕೊಳ್ಳುತ್ತದೆ. ಆ ದಾಖಲೆ ಏಳು ವರ್ಷವಾದರೂ ಉಳಿಯುತ್ತದೆ. ಇದರ ಬೆಲೆ ಎಷ್ಟೆಂದು ಲೆಕ್ಕ ಹಾಕಿ ನೋಡಿ. ನೇಕಾರರ ಮುದ್ರಾ ಸಾಲಕ್ಕೆ ವರ್ಷಕ್ಕೆ ಶೇ 6ರ ಬಡ್ಡಿ. ಆ ಬಾಗಿಲು ಮುಚ್ಚಿದರೆ ಉಳಿಯುವುದು ತಿಂಗಳಿಗೆ ನೂರಕ್ಕೆ ಐದು ರೂಪಾಯಿಯ ಸಾಲ, ಅಂದರೆ ವರ್ಷಕ್ಕೆ ಶೇ 60.

ಹಾಗಾಗಿ ನಾವು ಹಳೆಯ ಶಾಖೆಗೇ ಮರಳಿ ಹೋದೆವು. ಬಿಟ್ಟಿದ್ದ ಮೊತ್ತವನ್ನೂ ಕಟ್ಟುತ್ತೇವೆ, ದಾಖಲೆ ತಿದ್ದಿಸಿಕೊಡಿ ಎಂದು ಅರ್ಜಿ ಕೊಟ್ಟೆವು. ಮನ್ನಾ ಆದ ದುಡ್ಡನ್ನು ಯಾರಾದರೂ ಕಟ್ಟುತ್ತಾರಾ ಎಂದು ನೆಂಟರು ಕೇಳಿದರು. ಮತ್ತೆ ಬ್ಯಾಂಕ್ ಸಾಲ ಬೇಕಾದವರು ಕಟ್ಟಬೇಕು ಎಂಬುದೇ ನನ್ನ ಅಭಿಪ್ರಾಯ. ಆದರೆ ಕ್ಲೋಸ್ಡ್ ಎಂದು ವರದಿ ಮಾಡುವುದಾಗಿ ಬ್ಯಾಂಕು ಬರೆದುಕೊಟ್ಟ ಮೇಲೆ. ಕಟ್ಟಿ, ಬಾಕಿ ಇಲ್ಲ ಎಂಬ ಪತ್ರ ಪಡೆದೆವು.

ಪತ್ರ ಬಂದರೆ ಸಾಲದು, ವರದಿ ಬದಲಾಯಿತೇ ಎಂದು ನೋಡಬೇಕು. ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈ ಮಾರ್ಕ್ ಈ ನಾಲ್ಕೂ ಕಂಪನಿಗಳು ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕು. ತಪ್ಪಿದ್ದರೆ ದೂರು ಕೊಡಿ. 30 ದಿನದೊಳಗೆ ಬಗೆಹರಿಯದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಸಿಗಬೇಕು, ಇದು 2024ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ನಿಯಮ. ಅದಕ್ಕೂ ಜಗ್ಗದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಇದ್ದಾರೆ, ಸಹಾಯವಾಣಿ 14448.

ದುಡ್ಡು ಕೊಟ್ಟರೆ ವಾರದಲ್ಲಿ ಸ್ಕೋರು ಏರಿಸುತ್ತೇವೆ ಎಂದು ಬರುವ ಫೋನುಗಳನ್ನು ದಯವಿಟ್ಟು ನಂಬಬೇಡಿ. ನಿಜವಾದ ಹಳೆ ಬಾಕಿಯನ್ನು ಯಾರೂ ಅಳಿಸಲಾರರು. ಸಿಟ್ಟಿನಲ್ಲಿ ಐದಾರು ಕಡೆ ಸಾಲಕ್ಕೆ ಅರ್ಜಿಯನ್ನೂ ಹಾಕಬೇಡಿ, ಪ್ರತಿ ಅರ್ಜಿಯೂ ವರದಿಯಲ್ಲಿ ಕಾಣುತ್ತದೆ. ನಮ್ಮ ಸ್ಕೋರನ್ನು ಮತ್ತೆ ಎತ್ತಿ ನಿಲ್ಲಿಸಿದ್ದು ಚಿಕ್ಕದೊಂದು ಚಿನ್ನದ ಸಾಲ. ಓಲೆ ಅಡವಿಟ್ಟು, ದಿನ ತಪ್ಪದೆ ಕಟ್ಟಿ ಬಿಡಿಸಿಕೊಂಡೆವು. 2025ರ ಜನವರಿಯಿಂದ ಬ್ಯಾಂಕುಗಳು 15 ದಿನಕ್ಕೊಮ್ಮೆಯಾದರೂ ಈ ಕಂಪನಿಗಳಿಗೆ ಮಾಹಿತಿ ಕಳಿಸಬೇಕಾಗಿದೆ, ಹಾಗಾಗಿ ಸರಿಯಾಗಿ ಕಟ್ಟಿದ್ದೂ ಬೇಗ ಕಾಣುತ್ತದೆ.

ಈಗ ನಮ್ಮಲ್ಲಿ ಮಾಲೀಕರ ಮುಂಗಡವೂ ಇದೆ, ಬ್ಯಾಂಕಿನ ಸಣ್ಣ ಸಾಲವೂ ಇದೆ. ಸೀರೆ ಮಾರಿದ ದಿನ ಬ್ಯಾಂಕಿನ ಕಂತನ್ನು ಮೊದಲು ತೆಗೆದಿಡುತ್ತೇವೆ. ಮಾಲೀಕರಿಗೆ ಎರಡು ದಿನ ತಡವಾದರೆ ಹೋಗಿ ಹೇಳಿಬರುತ್ತೇವೆ, ಅವರು ಕೇಳಿಸಿಕೊಳ್ಳುತ್ತಾರೆ.