ಅಕ್ಕಿ ಚೀಲದಲ್ಲಿ ಶುಂಠಿ ಬೆಳೆಯುವುದು

ಶುಂಠಿ ಬೆಳೆಯಲು ಹೊಲವೇ ಆಗಬೇಕೆಂದಿಲ್ಲ. ಒಂದು ಹಳೆಯ ಅಕ್ಕಿ ಚೀಲವೂ ಅರ್ಧ ದಿನದ ನೆರಳೂ ಇದ್ದರೆ ಬಾಡಿಗೆ ಮನೆಯ ಮಹಡಿಯಲ್ಲೂ ಅದು ಬರುತ್ತದೆ. ಆದರೆ ಊರಿನಲ್ಲಿ ಕಂಡ ಕ್ರಮವನ್ನೇ ಇಲ್ಲಿ ಅನುಸರಿಸಿದರೆ ಗೆಡ್ಡೆ ಕೊಳೆತುಹೋಗುವ ಸಂಭವ ಹೆಚ್ಚು. ಅದಕ್ಕೆ ಕಾರಣ ಮಳೆಯ ಕಾಲ.

ಹಾಸನ, ಕೊಡಗು, ಶಿವಮೊಗ್ಗಗಳ ಕಡೆ ಏಪ್ರಿಲ್-ಮೇ ತಿಂಗಳ ಹದಮಳೆಗೆ ಶುಂಠಿ ನೆಡುತ್ತಾರೆ. ಮುಂಗಾರಿನಲ್ಲಿ ಗಿಡ ಬೆಳೆಯುತ್ತದೆ, ಮಳೆ ಹಿಂದೆಗೆದ ಮೇಲೆ ಗೆಡ್ಡೆ ಬಲಿಯುತ್ತದೆ. ಚೆನ್ನೈಯಲ್ಲಿ ಈ ಲೆಕ್ಕ ತಲೆಕೆಳಗು. ಇಲ್ಲಿ ದೊಡ್ಡ ಮಳೆ ಬರುವುದು ಅಕ್ಟೋಬರಿನಿಂದ ಡಿಸೆಂಬರಿನವರೆಗೆ, ಅಂದರೆ ಗೆಡ್ಡೆ ತುಂಬಿಕೊಂಡು ಬಲಿಯಬೇಕಾದ ಹೊತ್ತಿಗೇ. ನೀರು ನಿಂತ ಮಣ್ಣಿನಲ್ಲಿ ಪಿಥಿಯಂ ಎಂಬ ಸೂಕ್ಷ್ಮಜೀವಿ ಹಬ್ಬಿ ಗೆಡ್ಡೆಯನ್ನು ಕೊಳೆಯಿಸುತ್ತದೆ. ಆದುದರಿಂದ ನಾವು ಮಾರ್ಚಿಯಲ್ಲೇ ನೆಡತಕ್ಕದ್ದು. ಆಗ ಅಕ್ಟೋಬರಿಗೆ ಬೆಳೆ ಏಳು ತಿಂಗಳದ್ದಾಗಿ, ಅಡಿಗೆಗೆ ಅಗೆಯಲು ಯೋಗ್ಯವಾಗಿರುತ್ತದೆ.

ಬೀಜಕ್ಕೆ ದೂರ ಹೋಗಬೇಕಾಗಿಲ್ಲ. 1996ರಲ್ಲಿ ಕೊತ್ತವಾಲ ಚಾವಡಿಯಿಂದ ಇಲ್ಲಿಗೆ ಬಂದ ಸಗಟು ಮಾರುಕಟ್ಟೆ ನಮ್ಮ ಬಾಗಿಲಲ್ಲೇ ಇದೆ. ಧಾರವಾಡದ ಕಡೆಯವರು ಅಲ್ಲಿ ಹೋಗಿ ‘ಅಲ್ಲ’ ಕೇಳಿದರೆ ಸಿಕ್ಕದು. ತಮಿಳಿನಲ್ಲಿ ಅದು ‘ಇಂಜಿ’. ಹೊಸದಾಗಿ ಅಗೆದ, ತೆಳು ಸಿಪ್ಪೆಯ ಶುಂಠಿ ಬೇಗ ಮೊಳೆಯದು. ‘ಪಳೈಯ ಇಂಜಿ’, ಅಂದರೆ ಹಳೆಯದನ್ನೇ ಕೇಳಿ, ಕಣ್ಣು ಉಬ್ಬಿದ ಗಟ್ಟಿ ಗೆಡ್ಡೆಯನ್ನು ಆರಿಸಿ. ಒತ್ತಿದರೆ ಮೆತ್ತಗಾಗುವುದು, ನೀರು ಬಿಡುವುದು ಬೇಡ. ರೋಗ ಮನೆಗೆ ಬರುವುದು ಅದರ ಜೊತೆಯಲ್ಲೇ. ಒಂದೆರಡು ಕಣ್ಣಿರುವಂತೆ 20-25 ಗ್ರಾಂ ತೂಕದ ತುಂಡುಗಳನ್ನಾಗಿ ಕತ್ತರಿಸಿ, ಗಾಯ ಒಣಗಲು ಒಂದು ದಿನ ನೆರಳಿನಲ್ಲಿಡಿ.

ಈಗ ಚೀಲ. 25 ಕಿಲೋ ಅಕ್ಕಿಯ ನೇಯ್ದ ಪ್ಲಾಸ್ಟಿಕ್ ಚೀಲವೇ ಸಾಕು. ತಳದಲ್ಲಿಯೂ ತಳದ ಬಳಿ ಪಕ್ಕಗಳಲ್ಲಿಯೂ ಹತ್ತಾರು ತೂತು ಮಾಡಿ, ಎರಡು ಇಟ್ಟಿಗೆಗಳ ಮೇಲೆ ಎತ್ತರಿಸಿ ಇಡಿ. ಕೆಳಗೆ ತಟ್ಟೆ ಇಡಕೂಡದು. ನೀರು ನಿಂತರೆ ಗೆಡ್ಡೆಗೂ ಕೇಡು, ಸೊಳ್ಳೆಗೂ ತೊಟ್ಟಿಲು. ಒಂದು ಪಾಲು ಮಣ್ಣು, ಒಂದು ಪಾಲು ಹಳೆಯ ಗೊಬ್ಬರ, ಒಂದು ಪಾಲು ತೊಳೆದ ತೆಂಗಿನ ನಾರಿನ ಪುಡಿ, ಇವಕ್ಕೆ ಒಂದು ಹಿಡಿ ಬೇವಿನ ಹಿಂಡಿ. ಬರಿಯ ಮಣ್ಣು ತುಂಬಿದರೆ ಭಾರ ಹೆಚ್ಚು, ನೀರೂ ಇಳಿಯದು. ಒದ್ದೆ ಚೀಲ ಇಪ್ಪತ್ತು ಮೂವತ್ತು ಕಿಲೋ ತೂಗಬಹುದಾದ ಕಾರಣ, ಮನೆಯ ಯಜಮಾನರಿಗೆ ಮೊದಲೇ ತಿಳಿಸಿಬಿಡುವುದು ಲೇಸು.

ಚೀಲದ ಬಾಯಿಯನ್ನು ಮಡಿಸಿ ಅರ್ಧದವರೆಗೆ ಮಾತ್ರ ತುಂಬಿ. ಕಣ್ಣು ಮೇಲಾಗಿ, ಎರಡು ಅಂಗುಲ ಆಳದಲ್ಲಿ ಎರಡು ಮೂರು ತುಂಡು ನೆಟ್ಟು, ಒಣ ಎಲೆ ಹೊದಿಸಿ. ಮೊಳೆಯಲು ಮೂರು ನಾಲ್ಕು ವಾರ ಹಿಡಿಯಬಹುದು. ಮಣ್ಣು ಕೆದಕಿ ನೋಡುವ ಚಪಲ ಬೇಡ. ಗೆಡ್ಡೆ ಮೇಲಕ್ಕೂ ಪಕ್ಕಕ್ಕೂ ಹಬ್ಬುವುದರಿಂದ, ಒಂದೂವರೆ ತಿಂಗಳಿಗೊಮ್ಮೆ ಗೊಬ್ಬರ ಬೆರೆಸಿದ ಮಣ್ಣನ್ನು ಏರಿಸುತ್ತ ಮಡಿಕೆ ಬಿಚ್ಚುತ್ತ ಹೋಗಿ.

ಏಪ್ರಿಲ್-ಮೇ ತಿಂಗಳಲ್ಲಿ ಬೆಳಗಿನ ಬಿಸಿಲು ಮಾತ್ರ ಬೀಳಲಿ. ಬೆರಳಿಟ್ಟು ನೋಡಿ, ಮೇಲಿನ ಒಂದಂಗುಲ ಒಣಗಿದ್ದರೆ ನೀರು ಹಾಕಿ. ನೀರು ಶುದ್ಧಿ ಯಂತ್ರವು ಹೊರಬಿಡುವ ನೀರನ್ನು ವ್ಯರ್ಥವಾಗದಿರಲೆಂದು ಗಿಡಕ್ಕೆ ಸುರಿಯುವವರುಂಟು. ಅದರಲ್ಲಿ ಉಪ್ಪಿನಂಶ ಹೆಚ್ಚು. ಶುಂಠಿಗೆ ಅದು ಒಗ್ಗದು, ಎಲೆಯ ತುದಿ ಸುಡುತ್ತದೆ. ಅಕ್ಕಿ ತೊಳೆದ ನೀರಾಗಬಹುದು.

ಅಕ್ಟೋಬರ್ ನಡುವೆ ಪಕ್ಕದಿಂದ ಮಣ್ಣು ಸರಿಸಿ ಅರ್ಧ ಗೆಡ್ಡೆ ಮುರಿದುಕೊಳ್ಳಿ. ಉಳಿದುದನ್ನು ಬಲಿಯಲು ಬಿಡುವುದಾದರೆ ಚೀಲವನ್ನು ಸೂರಿನಡಿಗೆ ಎಳೆದಿಡಿ. ಕೆಳಗಿನ ಎಲೆ ಹಳದಿಯಾಗಿ, ಕಾಂಡ ಹಿಡಿದೆಳೆದರೆ ಬುಡದಿಂದ ಕಿತ್ತುಬಂದು ದುರ್ವಾಸನೆ ಹೊಡೆದರೆ ಅದೇ ಕೊಳೆ ರೋಗ. ಅಂಥ ಚೀಲವನ್ನು ಮಣ್ಣು ಸಹಿತ ಬೇರೆಮಾಡಿ. ಆ ಮಣ್ಣನ್ನು ಪಕ್ಕದ ಚೀಲಕ್ಕೆ ಹಾಕಕೂಡದು.

ಒಂದು ತುಂಡಿಗೆ ಕಾಲು ಕಿಲೋ ಬಂದರೆ ತೃಪ್ತಿಪಡಬಹುದು. ಕಿಲೋಗೆ 200 ರೂಪಾಯಿ ದಾಟಿದ 2023ರಂಥ ವರ್ಷದಲ್ಲಿ ಅದು ಚಹಾದ ಖರ್ಚಿಗೆ ಆಸರೆಯಾದೀತು. ಲಾಭದ ಬೆಳೆ ಎಂದು ಯಾರೂ ಎಣಿಸಬಾರದು. ಮುಂದಿನ ಬೀಜಕ್ಕೆ, ಎಲೆ ಪೂರ್ತಿ ಒಣಗಿದ ಮೇಲೆ ಅಗೆದ ಗಟ್ಟಿ ಗೆಡ್ಡೆಗಳನ್ನು ಒಣ ಮರಳಿನಲ್ಲಿ ಹೂತು, ತಂಪಾದ ಮೂಲೆಯಲ್ಲಿ ಮಾರ್ಚಿಯವರೆಗೆ ಇಡಿ.