ಮಳೆಗಾಲದಲ್ಲಿ ಕರೆಂಟು ಹೋದಾಗ: ನಾವು ತಿಳಿದಿರಬೇಕಾದದ್ದು



ಜೂನ್ ಬಂತೆಂದರೆ ನಮ್ಮ ಅಡುಗೆಮನೆಗಳಲ್ಲಿ ಒಂದೇ ಪ್ರಶ್ನೆ, "ಕರೆಂಟು ಯಾವಾಗ ಬರುತ್ತದೆ?" ಗ್ರೈಂಡರಿನಲ್ಲಿ ಅರ್ಧ ರುಬ್ಬಿದ ಉದ್ದು, ಡೀಪ್ ಫ್ರೀಜರಿನಲ್ಲಿ ಪನೀರು, ಸಂಜೆಗೆ ಮುನ್ನೂರು ಎಲೆಯ ಆರ್ಡರು. ಕರೆಂಟು ಹೋದ ಕೂಡಲೇ ಕಂಪೆನಿಯವರನ್ನು ಬೈಯುವುದು ನಮಗೆ ರೂಢಿ. ಆ ಹೊತ್ತಿನಲ್ಲಿ ಅವರು ಏನು ಮಾಡುತ್ತಿರುತ್ತಾರೆಂದು ತಿಳಿದವರು ಕಡಿಮೆ. ನಾವು ಹತ್ತನೇ ಕ್ಲಾಸು ಓದಿದವರು, ಇಂಜಿನಿಯರಲ್ಲ. ಪುಣೆಯಲ್ಲಿ ಇಷ್ಟು ವರ್ಷ ಹೋಟೆಲು ನಡೆಸುತ್ತ, ವಾಯರ್‌ಮನ್‌ಗಳಿಗೆ ಚಹಾ ಕೊಟ್ಟು ಕೇಳಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇವೆ.

ಮೊದಲು, ಕರೆಂಟು ಕೊಡುವವರು ಯಾರು? 2005ರ ಜೂನ್‌ನಲ್ಲಿ ಮಹಾರಾಷ್ಟ್ರದ ವಿದ್ಯುತ್ ಮಂಡಳಿಯನ್ನು ಒಡೆದು ಉತ್ಪಾದನೆ, ಸಾಗಣೆ, ವಿತರಣೆಗೆ ಬೇರೆ ಬೇರೆ ಸರಕಾರಿ ಕಂಪೆನಿ ಮಾಡಿದರು. ಮನೆ ಅಂಗಡಿಗಳಿಗೆ ಹಂಚುವುದು ಮಹಾವಿತರಣ. ಪುಣೆ, ನವಿ ಮುಂಬಯಿ, ನಾಸಿಕ್, ಕೊಲ್ಹಾಪುರ, ಮುಂಬಯಿಯಲ್ಲೇ ಮುಲುಂಡ್, ಭಾಂಡುಪ್ ಕಡೆ ಇದೇ ಕಂಪೆನಿ. ಮುಂಬಯಿಯ ಕೋಟೆ, ದಾದರ್ ಕಡೆ ಬೆಸ್ಟ್ ಇದೆ. ಉಪನಗರಗಳಲ್ಲಿ ಖಾಸಗಿ ಕಂಪೆನಿಗಳಿವೆ. ಬಿಲ್ಲು ನೋಡಿ ತಿಳಿದುಕೊಳ್ಳಿ.

ಮೊದಲ ಮಳೆಗೇ ಕರೆಂಟು ಹೋಗುವುದೇಕೆ? ಕಂಬದ ಮೇಲೆ ತಂತಿ ಕೂತಿರುವುದು ಪಿಂಗಾಣಿಯ ಇನ್ಸುಲೇಟರಿನ ಮೇಲೆ. ಏಪ್ರಿಲ್-ಮೇ ಬಿಸಿಲಿಗೆ ಅದು ಕಾದಿರುತ್ತದೆ. ಅದರ ಮೇಲೆ ತಣ್ಣಗಿನ ಮಳೆ ಬಿದ್ದರೆ ಬಿರುಕು ಬಿಡುತ್ತದೆ. ಕಾದ ಗಾಜಿನ ಲೋಟಕ್ಕೆ ತಣ್ಣೀರು ಹಾಕಿದ ಹಾಗೆ. ಬಿರುಕಿನಿಂದ ಕರೆಂಟು ಕಂಬಕ್ಕೆ ಇಳಿದು ನೆಲಕ್ಕೆ ಹರಿಯುತ್ತದೆ. ಆಗ ಸಬ್‌ಸ್ಟೇಷನ್ನಿನಲ್ಲಿ ಆ ಫೀಡರು ತಾನಾಗಿ ಬಂದ್ ಆಗುತ್ತದೆ. ಹಾಗೆ ಬಂದ್ ಆಗದಿದ್ದರೆ ಕಂಬ ಮುಟ್ಟಿದವರ ಗತಿ ಏನು? ಅಂದರೆ ಕರೆಂಟು ಹೋಗುವುದು ಎಷ್ಟೋ ಸಲ ನಮ್ಮ ರಕ್ಷಣೆಗೇ.

ಬಿರುಕು ಕೆಳಗಿನಿಂದ ಸುಲಭವಾಗಿ ಕಾಣುವುದಿಲ್ಲ. ವಾಯರ್‌ಮನ್ ಮಳೆಯಲ್ಲಿ ಬ್ಯಾಟರಿ ಹಿಡಿದು ಕಂಬದಿಂದ ಕಂಬಕ್ಕೆ ನಡೆಯಬೇಕು. ಲೈನನ್ನು ಭಾಗ ಮಾಡಿ, ಕೆಟ್ಟ ಭಾಗವನ್ನು ಬಿಟ್ಟು ಉಳಿದದ್ದನ್ನು ಶುರು ಮಾಡುತ್ತಾರೆ. ಸಾಧ್ಯವಿದ್ದರೆ ಪಕ್ಕದ ಫೀಡರಿನಿಂದ ಕೊಡುತ್ತಾರೆ. ಎದುರಿನ ಅಂಗಡಿಯಲ್ಲಿ ಬೆಳಕಿದ್ದು ನಮ್ಮಲ್ಲಿ ಇಲ್ಲದಿರುವುದು ಹೆಚ್ಚಾಗಿ ಇದರಿಂದಲೇ. ಕೇಬಲ್ ನೆಲದಡಿ ಇದ್ದರೆ ಕೆಟ್ಟ ಜಾಗ ಹುಡುಕಿ, ಅಗೆದು, ಜಾಯಿಂಟ್ ಹಾಕಲು ಇನ್ನೂ ಹೊತ್ತು ಹಿಡಿಯುತ್ತದೆ. ಸಬ್‌ಸ್ಟೇಷನ್ ಮತ್ತು ಫೀಡರು ಮೊದಲು, ನಂತರ ಟ್ರಾನ್ಸ್‌ಫಾರ್ಮರು, ಕೊನೆಗೆ ನಮ್ಮ ಒಬ್ಬರ ಫ್ಯೂಸು.

ನೆರೆ ಬಂದಾಗ ಅವರೇ ಬಂದ್ ಮಾಡುತ್ತಾರೆ. 2019ರ ಆಗಸ್ಟಿನಲ್ಲಿ ಕೊಲ್ಹಾಪುರ, ಸಾಂಗ್ಲಿಯಲ್ಲಿ ಸಬ್‌ಸ್ಟೇಷನ್ನುಗಳಿಗೇ ನೀರು ನುಗ್ಗಿತ್ತು. 2020ರ ಜೂನ್ 3ರಂದು ನಿಸರ್ಗ ಚಂಡಮಾರುತಕ್ಕೆ ರಾಯಗಡದಲ್ಲಿ ಕಂಬಗಳು ಸಾಲಾಗಿ ಬಿದ್ದಾಗ ಬೇರೆ ಜಿಲ್ಲೆಗಳಿಂದ ಕೆಲಸಗಾರರನ್ನು ಕರೆಸಬೇಕಾಯಿತು.

ಇನ್ನು ನಮ್ಮದೇ ತಪ್ಪಿನ ಕತೆ. ಹದಿನೈದು ವರ್ಷಕ್ಕೂ ಹಿಂದಿನ ಮಾತು. ಹೊಸ ಜನರೇಟರು ತಂದಿದ್ದೆವು. ಖರ್ಚು ಉಳಿಸಲು ಚೇಂಜ್‌ಓವರ್ ಸ್ವಿಚ್ ಹಾಕಿಸಲಿಲ್ಲ, ವಯರನ್ನು ನೇರ ಬೋರ್ಡಿಗೆ ಕೊಟ್ಟೆವು. ಒಂದು ಮಳೆಯ ರಾತ್ರಿ ಕರೆಂಟು ಹೋಯಿತು. ಗಡಿಬಿಡಿಯಲ್ಲಿ ಮೈನ್ ಆಫ್ ಮಾಡದೆ ಜನರೇಟರು ಶುರು ಮಾಡಿದೆವು. ಹೊರಗೆ ಡಬ್ಬಿಯ ಫ್ಯೂಸು ತೆಗೆದು ವಾಯರ್‌ಮನ್ ನಮ್ಮ ಲೈನಿಗೇ ಕೈ ಹಾಕುವವನಿದ್ದ. ಪುಣ್ಯಕ್ಕೆ ಮೊದಲು ಟೆಸ್ಟ್ ಲ್ಯಾಂಪ್ ಹಿಡಿದ. ಬಲ್ಬು ಉರಿಯಿತು. ಒಳಗೆ ಬಂದು ಬೈಯಲಿಲ್ಲ. "ಅಣ್ಣಾ, ಮನೆಯಲ್ಲಿ ನನಗೆ ಎರಡು ಮಕ್ಕಳು" ಎಂದಷ್ಟೇ ಹೇಳಿದ. ಆ ಮಾತು ಇವತ್ತಿಗೂ ಕಿವಿಯಲ್ಲಿದೆ. ಮರುದಿನವೇ ಸ್ವಿಚ್ ಹಾಕಿಸಿದೆವು. ಜನರೇಟರಿನ ಕರೆಂಟು ಹಿಂದಕ್ಕೆ ಟ್ರಾನ್ಸ್‌ಫಾರ್ಮರಿಗೆ ಹೋದರೆ ಅಲ್ಲಿಂದ ಸಾವಿರಾರು ವೋಲ್ಟ್ ಆಗಿ ಲೈನಿಗೆ ಏರಬಹುದು ಎಂದು ಆಮೇಲೆ ತಿಳಿಯಿತು.

ಆದ್ದರಿಂದ ಸದಸ್ಯರು ಇಷ್ಟು ಮಾಡಬೇಕು:

1. ಜನರೇಟರಿಗೆ ಚೇಂಜ್‌ಓವರ್ ಸ್ವಿಚ್ ಇದೆಯೇ ಎಂದು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ಗೆ ಈ ವಾರವೇ ತೋರಿಸಿ. ಜನರೇಟರು ಅಡುಗೆಮನೆಯೊಳಗೆ ಬೇಡ, ಹೊಗೆ ಪ್ರಾಣ ತೆಗೆಯುತ್ತದೆ.

2. ಬಿಲ್ಲಿನ ಗ್ರಾಹಕ ಸಂಖ್ಯೆಯನ್ನು ಗಲ್ಲಾದ ಹತ್ತಿರ ದೊಡ್ಡದಾಗಿ ಬರೆದಿಡಿ. ಮಹಾವಿತರಣಕ್ಕೆ 1912ರಲ್ಲಿ ದೂರು ಕೊಟ್ಟು ದೂರಿನ ನಂಬರು ಬರೆದುಕೊಳ್ಳಿ. ನಮ್ಮಲ್ಲಿ ಮಾತ್ರ ಹೋಗಿದೆಯೇ, ಇಡೀ ಗಲ್ಲಿಯಲ್ಲೇ, ಒಂದು ಫೇಸು ಮಾತ್ರವೇ ಎಂದು ಹೇಳಿ. ಹುಡುಕುವ ಕೆಲಸ ಅರ್ಧ ಕಡಿಮೆಯಾಗುತ್ತದೆ.

3. ಮೊಬೈಲ್ ನಂಬರು ನೋಂದಾಯಿಸಿ. ಮೊದಲೇ ಗೊತ್ತುಮಾಡಿದ ರಿಪೇರಿಯ ಸಂದೇಶ ಬರುತ್ತದೆ. ಪುಣೆಯಲ್ಲಿ ಇಂಥ ಕೆಲಸಕ್ಕೆ ಗುರುವಾರ ಎಂಬ ರೂಢಿ. ಹಿಟ್ಟು ಬುಧವಾರ ರಾತ್ರಿಯೇ ರುಬ್ಬಿಡಿ.

4. ಒಂದು ಫೇಸು ಹೋದರೆ ಮೂರು ಫೇಸಿನ ಗ್ರೈಂಡರ್ ಮೋಟಾರು ಸುಡುತ್ತದೆ. ಕೂಡಲೇ ಆಫ್ ಮಾಡಿ.

5. ಫ್ರಿಜ್ಜಿನ ಬಾಗಿಲು ತೆರೆಯದಿದ್ದರೆ ಸುಮಾರು 4 ಗಂಟೆ ತಂಪು ನಿಲ್ಲುತ್ತದೆ. ಆಮೇಲೆ ಹಾಲು, ಪನೀರು, ಬೇಯಿಸಿದ ಪದಾರ್ಥ ಗಿರಾಕಿಗೆ ಕೊಡಬೇಡಿ. ನಷ್ಟ ನಮ್ಮದಾಗಲಿ.

6. ಬಿದ್ದ ತಂತಿ, ನೀರಲ್ಲಿ ನಿಂತ ಡಬ್ಬಿಯ ಹತ್ತಿರ ಹುಡುಗರನ್ನು ಕಳಿಸಬೇಡಿ.

ಹಕ್ಕನ್ನೂ ಮರೆಯಬಾರದು. 2003ರ ವಿದ್ಯುತ್ ಕಾಯ್ದೆಯ 57ನೇ ಕಲಮಿನಂತೆ, ಆಯೋಗ ಗೊತ್ತುಮಾಡಿದ ಸೇವೆಯ ಮಟ್ಟ ತಪ್ಪಿದರೆ ಕಂಪೆನಿ ಪರಿಹಾರ ಕೊಡಬೇಕು. ನೆರೆ, ಚಂಡಮಾರುತಕ್ಕೆ ವಿನಾಯಿತಿ ಉಂಟು. ದೂರಿನ ನಂಬರು ಇಲ್ಲದವರ ಮಾತಿಗೆ ಬೆಲೆ ಇಲ್ಲ. ಬಗೆಹರಿಯದಿದ್ದರೆ ಗ್ರಾಹಕ ತಕರಾರು ನಿವಾರಣಾ ವೇದಿಕೆಗೆ ಹೋಗಬಹುದು.

ಕೇಳುವಲ್ಲಿ ಕೇಳೋಣ. ಆದರೆ ಮಳೆಯಲ್ಲಿ ಕಂಬ ಹತ್ತಿದವನು ಕ್ಷೇಮವಾಗಿ ಇಳಿಯುವಂತೆ ನೋಡಿಕೊಳ್ಳುವುದು ನಮ್ಮ ಕೈಯಲ್ಲೂ ಇದೆ. ಎಲ್ಲರ ಮಳೆಗಾಲ ಸುಖವಾಗಿ ಕಳೆಯಲಿ.